ಮುಳ್ಳು ತುಳಿದಾಗ

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಸಾಸಲು ಒಂದು ಹೋಬಳಿಯ ಊರು. ರಾಗಿಯ ಕುಯಿಲು ಮುಗಿದ ಮೇಲೆ ಆ ಕಡೆಯ ಹೊಲಗಳಲ್ಲಿ ಕುರಿಗಳನ್ನು ಬಿಟ್ಟು ಮೇಯಿಸುವುದು ರೂಢಿ. ಅಂಥದೊಂದು ಹೊಲದ ಬದುವಿನ ಮೇಲೆ ಬರಿಗಾಲಿನಲ್ಲಿ ಓಡುತ್ತಿರುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಗುಂಪಿನಿಂದ ತಪ್ಪಿಸಿಕೊಂಡು ಪಕ್ಕದ ಅವರೆಯ ಸಾಲಿಗೆ ನುಗ್ಗುತ್ತಿರುವ ಕುರಿಮರಿಯ ಮೇಲೆಯೇ ಅವನ ಕಣ್ಣು. ಬದುವಿನಲ್ಲಿ ಬಿದ್ದಿದ್ದ ಜಾಲಿಯ ಮುಳ್ಳೊಂದು ಅವನ ಬಲ ಅಂಗಾಲನ್ನು ಚುಚ್ಚುತ್ತದೆ. ಒಡನೆಯೇ ಕಾಲು ಮೇಲಕ್ಕೆ ಸೆಳೆದುಕೊಳ್ಳುತ್ತದೆ. ‘ಅಮ್ಮಾ’ ಎಂಬ ಕೂಗು ಹೊರಡುವುದು ಆಮೇಲೆ.

ಇಷ್ಟಕ್ಕೇ ಮುಗಿಯಲಿಲ್ಲ. ಬಲಗಾಲು ಮೇಲೆದ್ದಾಗ ಮೈಭಾರವೆಲ್ಲ ಎಡಗಾಲಿನ ಮೇಲೆ ಬೀಳುತ್ತದೆ. ಅದನ್ನು ಹೊರಲು ಎಡಗಾಲು ಅದೇ ಗಳಿಗೆಯಲ್ಲಿ ಬಿಗಿಯಾಗಿ ನಿಲ್ಲುತ್ತದೆ. ಬೀಳದಂತೆ ತೋಳುಗಳೆರಡೂ ಅಗಲಕ್ಕೆ ಚಾಚಿಕೊಳ್ಳುತ್ತವೆ. ಎದೆ ಡವಡವನೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಇವುಗಳಲ್ಲಿ ಯಾವುದನ್ನೂ ಹುಡುಗ ಯೋಚಿಸಿ ಮಾಡಿದವನಲ್ಲ. ಯೋಚಿಸುವಷ್ಟು ವೇಳೆಯಾದರೂ ಅವನಿಗೆ ಎಲ್ಲಿತ್ತು? ಹಾಗಿದ್ದರೆ ಕಾಲಿಗೆ ಅಪ್ಪಣೆ ಕೊಟ್ಟವರು ಯಾರು? ಚುಚ್ಚಿದ ಸುದ್ದಿಯನ್ನು ಮುಟ್ಟಿಸಿದವರು ಯಾರು? ಈ ಎರಡು ಪ್ರಶ್ನೆಗಳ ಉತ್ತರವೇ ನರಮಂಡಲ.

‘ನರ’ ಎಂಬ ಮಾತು ಆಡುನುಡಿಯಲ್ಲಿ ಸಡಿಲವಾಗಿ ಬಳಕೆಯಾಗುತ್ತದೆ. ಮುಂಗೈಯ ಮೇಲೆ ಹಸುರಾಗಿ ಕಾಣುವ ರಕ್ತನಾಳವನ್ನೂ ‘ನರ’ ಎನ್ನುತ್ತಾರೆ. ಹಿಮ್ಮಡಿಯ ಮೇಲಿನ ಗಟ್ಟಿಯಾದ ಸ್ನಾಯುರಜ್ಜುವನ್ನೂ ‘ನರ’ ಎನ್ನುತ್ತಾರೆ. ಕುತ್ತಿಗೆ ಉಳುಕಿದರೆ ‘ನರ ಹಿಡಿದುಕೊಂಡಿದೆ’ ಎನ್ನುತ್ತಾರೆ. ಶಾಸ್ತ್ರದಲ್ಲಿ ಈ ಮೂರೂ ಬೇರೆ ಬೇರೆ. ನಿಜವಾದ ನರದಲ್ಲಿ ರಕ್ತ ಹರಿಯುವುದಿಲ್ಲ. ಅದು ಎಲುಬನ್ನು ಎಳೆಯುವ ಹಗ್ಗವೂ ಅಲ್ಲ. ಅದು ಸುದ್ದಿಯನ್ನು ಒಯ್ಯುವ ಬಿಳಿಯ ಎಳೆಗಳ ಕಟ್ಟು. ದೊಡ್ಡಬಳ್ಳಾಪುರದ ನೇಕಾರರು ಮಗ್ಗಕ್ಕೆ ಏರಿಸುವ ಹಾಸಿನ ನೂಲುಗಳನ್ನು ಒಟ್ಟುಗೂಡಿಸಿ ಮೇಲೊಂದು ಬಟ್ಟೆ ಸುತ್ತಿದರೆ ಹೇಗೆ ಕಂಡೀತೋ ಹಾಗೆ ಒಂದು ದಪ್ಪ ನರದ ಒಳಗೆ ಸಾವಿರಾರು ಸೂಕ್ಷ್ಮ ತಂತುಗಳಿರುತ್ತವೆ. ಪ್ರತಿಯೊಂದು ತಂತುವೂ ಒಂದು ಜೀವಕೋಶದ ಭಾಗ. ಆ ಜೀವಕೋಶಕ್ಕೆ ನರಕೋಶವೆಂದು ಹೆಸರು.

ನರಕೋಶದ ರೂಪ ವಿಚಿತ್ರವಾದುದು. ನಡುವೆ ಒಂದು ಕೋಶಕಾಯ. ಅದರ ಸುತ್ತ ಮರದ ಕೊಂಬೆಗಳಂತೆ ಕವಲೊಡೆದ ಗಿಡ್ಡ ಚಾಚುಗಳು. ಇವುಗಳಿಗೆ ಡೆಂಡ್ರೈಟುಗಳೆಂದು ಹೆಸರು. ಸುದ್ದಿಯನ್ನು ಬರಮಾಡಿಕೊಳ್ಳುವುದು ಇವುಗಳ ಕೆಲಸ. ಇವುಗಳಲ್ಲದೆ ಆಕ್ಸಾನ್ ಎಂಬ ಒಂದೇ ಒಂದು ಉದ್ದನೆಯ ಎಳೆ ಹೊರಟು ಸುದ್ದಿಯನ್ನು ಮುಂದಕ್ಕೆ ಸಾಗಿಸುತ್ತದೆ. ಈ ಎಳೆಯ ಉದ್ದ ಆಶ್ಚರ್ಯಪಡುವಂಥದು. ಕಾಲಿನ ಹೆಬ್ಬೆರಳಿನ ಸ್ಪರ್ಶವನ್ನು ತಿಳಿಸುವ ನರಕೋಶದ ಒಂದು ಕವಲು ಬೆರಳ ತುದಿಯಲ್ಲಿದ್ದರೆ ಇನ್ನೊಂದು ಕವಲು ಬೆನ್ನಿನುದ್ದಕ್ಕೂ ಏರಿ ಮಿದುಳಿನ ಬುಡವನ್ನು ಮುಟ್ಟುತ್ತದೆ. ಎಂದರೆ, ಕಣ್ಣಿಗೆ ಕಾಣದಷ್ಟು ತೆಳುವಾದ ಒಂದೇ ಜೀವಕೋಶ ಹೆಚ್ಚುಕಡಿಮೆ ಆಳುದ್ದ ಇರುತ್ತದೆ! ಮನುಷ್ಯನ ಮಿದುಳೊಂದರಲ್ಲಿಯೇ ಇಂಥ ನರಕೋಶಗಳು ಸುಮಾರು 8,600 ಕೋಟಿ ಇವೆಯೆಂದು ಇತ್ತೀಚಿನ ಎಣಿಕೆಗಳು ಹೇಳುತ್ತವೆ. ಆದರೆ ಹೆಬ್ಬೆರಳಿನ ಕೋಶದಷ್ಟು ಉದ್ದವಾದವು ಕೆಲವೇ. ಬಹುಪಾಲು ಕೋಶಗಳು ನೆರೆಯ ಕೋಶಗಳೊಡನೆಯೇ ಮಾತಾಡಿಕೊಂಡಿರುವ ಚಿಕ್ಕವು.

ನರಕೋಶಗಳು ಬಿಡಿಬಿಡಿಯಾದ ಕೋಶಗಳೆಂಬುದು ಸುಲಭವಾಗಿ ತಿಳಿದ ಸಂಗತಿಯಲ್ಲ. 1873ರಲ್ಲಿ ಇಟಲಿಯ ಕ್ಯಾಮಿಲ್ಲೊ ಗಾಲ್ಜಿ ಬೆಳ್ಳಿಯ ಲವಣವನ್ನು ಬಳಸಿ ನರಕೋಶಗಳಿಗೆ ಕಪ್ಪುಬಣ್ಣ ಕಟ್ಟುವ ವಿಧಾನವನ್ನು ಕಂಡುಹಿಡಿದನು. ಸ್ಪೇನ್ ದೇಶದ ರಮೋನ್ ಇ ಕಹಾಲ್ ಅದೇ ವಿಧಾನವನ್ನು ಬಳಸಿ, ಸೂಕ್ಷ್ಮದರ್ಶಕದ ಮುಂದೆ ವರ್ಷಗಟ್ಟಲೆ ಕುಳಿತು, ಒಂದು ಕೋಶ ಇನ್ನೊಂದರೊಡನೆ ಬೆಸೆದುಕೊಂಡಿಲ್ಲ, ಬಳಿಗೆ ಬಂದು ನಿಂತಿದೆ ಅಷ್ಟೆ ಎಂದು ಸಾರಿದನು. ಗಾಲ್ಜಿ ಒಪ್ಪಲಿಲ್ಲ, ಎಲ್ಲವೂ ಒಂದೇ ಬಲೆಯೆಂಬುದು ಅವನ ಹಟ. 1906ರಲ್ಲಿ ನೊಬೆಲ್ ಪಾರಿತೋಷಕವನ್ನು ಇಬ್ಬರಿಗೂ ಹಂಚಿದರು. ಒಂದೇ ವೇದಿಕೆಯಲ್ಲಿ ನಿಂತು ಒಬ್ಬರ ಸಿದ್ಧಾಂತವನ್ನು ಇನ್ನೊಬ್ಬರು ನಿರಾಕರಿಸಿದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. ಕಾಲ ಕಹಾಲನ ಮಾತನ್ನು ಎತ್ತಿಹಿಡಿಯಿತು.

ಇನ್ನು ಸುದ್ದಿ ಸಾಗುವ ಬಗೆ. ನರದಲ್ಲಿ ಹರಿಯುವುದು ವಿದ್ಯುತ್ತೇ ಸರಿ. ಆದರೆ ಕಂಬದ ತಂತಿಯಲ್ಲಿ ಹರಿಯುವಂತೆ ಅಲ್ಲ. ಆಕ್ಸಾನಿನ ಪೊರೆಯ ಹೊರಗೆ ಸೋಡಿಯಂ ಅಯಾನುಗಳು ಹೆಚ್ಚು, ಒಳಗೆ ಪೊಟ್ಯಾಸಿಯಂ ಅಯಾನುಗಳು ಹೆಚ್ಚು. ಪ್ರಚೋದನೆ ಉಂಟಾದ ಕಡೆ ಪೊರೆಯ ಕಿರುಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಆ ಕದಲಿಕೆ ಪಕ್ಕದ ಬಾಗಿಲುಗಳನ್ನು ತೆರೆಸುತ್ತದೆ. ಅದು ಅದರ ಪಕ್ಕದ್ದನ್ನು. ಒಣಹುಲ್ಲಿನ ಸಾಲಿಗೆ ಒಂದು ಕೊನೆಯಲ್ಲಿ ತಾಗಿದ ಕಿಡಿ ಇನ್ನೊಂದು ಕೊನೆಗೆ ಓಡುವ ಹಾಗೆ ಸುದ್ದಿ ಓಡುತ್ತದೆ. ಹುಲ್ಲು ಮತ್ತೆ ಬೂದಿಯಿಂದ ಏಳಲಾರದು. ನರವಾದರೋ ಸೆಕೆಂಡಿನ ಸಾವಿರದಲ್ಲಿ ಕೆಲವು ಪಾಲಿನಷ್ಟರಲ್ಲಿ ಮೊದಲಿನ ಸ್ಥಿತಿಗೆ ಮರಳಿ ಇನ್ನೊಂದು ಸುದ್ದಿಗೆ ಅಣಿಯಾಗುತ್ತದೆ.

ಈ ಓಟದ ವೇಗವನ್ನು ಅಳೆಯುವುದು ಮನುಷ್ಯನಿಗೆ ಎಂದಿಗೂ ಸಾಧ್ಯವಿಲ್ಲವೆಂದು ಜರ್ಮನಿಯ ಹೆಸರಾಂತ ಶರೀರಶಾಸ್ತ್ರಜ್ಞ ಯೊಹಾನ್ನೆಸ್ ಮ್ಯೂಲರ್ ನಂಬಿದ್ದನು. ಅವನ ಶಿಷ್ಯನೇ ಆದ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದುಬಿಟ್ಟನು. ಸೆಕೆಂಡಿಗೆ 25ರಿಂದ 40 ಮೀಟರುಗಳ ನಡುವೆ ಇದ್ದ ಆ ವೇಗ, ಎಲ್ಲರೂ ಭಾವಿಸಿದ್ದಕ್ಕಿಂತ ಎಷ್ಟೋ ನಿಧಾನವಾಗಿತ್ತು. ಮನುಷ್ಯನ ಕೆಲವು ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಅಂಥ ತಂತುಗಳಲ್ಲಿ ಅತಿ ವೇಗದವು ಸೆಕೆಂಡಿಗೆ ನೂರು ಮೀಟರಿಗಿಂತ ಹೆಚ್ಚು ದೂರ ಸುದ್ದಿಯನ್ನು ಒಯ್ಯುತ್ತವೆ. ಹೊದಿಕೆಯಿಲ್ಲದವು ಸೆಕೆಂಡಿಗೆ ಎರಡು ಮೀಟರನ್ನೂ ದಾಟವು. ಮುಳ್ಳು ಚುಚ್ಚಿದಾಗ ನೋವು ಎರಡು ಸಲ ಬರುವುದನ್ನು ಗಮನಿಸಿದವರುಂಟು: ಮೊದಲು ಚುರುಕ್ಕೆನ್ನುವ ಮೊನಚಾದ ನೋವು, ಒಂದು ಉಸಿರಿನ ಬಳಿಕ ಉರಿಯುವ, ಮಿಡಿಯುವ ನೋವು. ಚುಚ್ಚಿದ್ದು ಒಂದೇ ಮುಳ್ಳು. ಸುದ್ದಿ ಒಯ್ದ ಅಂಚೆಯವರು ಇಬ್ಬರು, ಒಬ್ಬ ಸವಾರ, ಇನ್ನೊಬ್ಬ ಕಾಲ್ನಡಿಗೆಯವನು.

ಅಂಗಾಲಿನಿಂದ ಹೊರಟ ಸುದ್ದಿ ಮೊದಲು ತಲಪುವುದು ಮಿದುಳುಬಳ್ಳಿಯನ್ನು. ಇದು ಬೆನ್ನುಮೂಳೆಯ ಕೊಳವೆಯಲ್ಲಿ ಹಾದುಹೋಗುವ ಕಿರುಬೆರಳ ಗಾತ್ರದ ಹುರಿ; ವಯಸ್ಕರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ. ಇದರಿಂದ 31 ಜೊತೆ ನರಗಳು ಹೊರಟು ಕೈಕಾಲು, ಎದೆ, ಹೊಟ್ಟೆಗಳಿಗೆ ಹರಡಿಕೊಳ್ಳುತ್ತವೆ. ನೇರವಾಗಿ ಮಿದುಳಿನಿಂದಲೇ ಹೊರಡುವ ಇನ್ನು 12 ಜೊತೆ ನರಗಳು ಮುಖ್ಯವಾಗಿ ಕಣ್ಣು, ಕಿವಿ, ಮೂಗು, ನಾಲಗೆ, ಮುಖಗಳ ವ್ಯವಹಾರವನ್ನು ನೋಡಿಕೊಳ್ಳುತ್ತವೆ. ಮಿದುಳು ಮತ್ತು ಮಿದುಳುಬಳ್ಳಿ ಸೇರಿ ಕೇಂದ್ರ ನರಮಂಡಲ; ಉಳಿದ ನರಗಳೆಲ್ಲ ಸೇರಿ ಪರಿಧಿ ನರಮಂಡಲ. ಹೊರಗಿನ ಸುದ್ದಿಯನ್ನು ಒಳಕ್ಕೆ ತರುವ ತಂತುಗಳು ಜ್ಞಾನವಾಹಿಗಳು. ಅಪ್ಪಣೆಯನ್ನು ಸ್ನಾಯುಗಳಿಗೆ ಒಯ್ಯುವವು ಕ್ರಿಯಾವಾಹಿಗಳು. ಮುಳ್ಳಿನ ಸುದ್ದಿ ತಂದ ಜ್ಞಾನವಾಹಿ ತಂತು ಮಿದುಳುಬಳ್ಳಿಯಲ್ಲಿಯೇ ಒಂದು ಮಧ್ಯವರ್ತಿ ಕೋಶಕ್ಕೆ ವಿಷಯ ತಿಳಿಸುತ್ತದೆ, ಮಧ್ಯವರ್ತಿ ಕ್ರಿಯಾವಾಹಿಗೆ ಹೇಳುತ್ತದೆ, ಕಾಲು ಮೇಲೇಳುತ್ತದೆ. ಅಮಲ್ದಾರರ ಕಚೇರಿಗೆ ಅರ್ಜಿ ಹೋಗಿ ಬರುವುದರೊಳಗೆ ಊರ ಪಟೇಲನೇ ವ್ಯಾಜ್ಯ ತೀರಿಸಿದಂತೆ. ಇದನ್ನು ಪರಾವರ್ತಿತ ಕ್ರಿಯೆ ಎನ್ನುವರು. ಮಿದುಳಿಗೂ ವರದಿ ಹೋಗುತ್ತದೆ. ಆದರೆ ಕೆಲಸ ಆದ ಮೇಲೆ. ‘ಅಮ್ಮಾ’ ಎಂಬ ಕೂಗು ತಡವಾಗುವುದು ಅದಕ್ಕೇ.

ಮಿದುಳಿನ ತೂಕ ಸುಮಾರು ಒಂದು ಕಿಲೋ ಮುನ್ನೂರರಿಂದ ನಾನ್ನೂರು ಗ್ರಾಂ. ದೇಹದ ತೂಕದಲ್ಲಿ ಇದು ನೂರಕ್ಕೆ ಎರಡು ಪಾಲು. ದೇಹ ಬಳಸುವ ಆಮ್ಲಜನಕದಲ್ಲಿ ಮಾತ್ರ ನೂರಕ್ಕೆ ಇಪ್ಪತ್ತು ಪಾಲು ಇದಕ್ಕೇ ಬೇಕು. ರಕ್ತ ಬರುವುದು ಸಂಪೂರ್ಣವಾಗಿ ನಿಂತರೆ ಹತ್ತು ಸೆಕೆಂಡಿನ ಸುಮಾರಿಗೆ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ಕಳೆದರೆ ಕೋಶಗಳು ಸಾಯತೊಡಗುತ್ತವೆ. ಇಷ್ಟು ಸೂಕ್ಷ್ಮವಾದುದನ್ನು ತಲೆಬುರುಡೆಯ ಪೆಟ್ಟಿಗೆಯಲ್ಲಿಟ್ಟು, ಮೂರು ಪೊರೆಗಳನ್ನು ಸುತ್ತಿ, ತಿಳಿಯಾದ ದ್ರವದಲ್ಲಿ ತೇಲಿಸಿ ಪ್ರಕೃತಿ ಕಾಪಾಡಿದೆ. ಇದರ ಬಹುಭಾಗ ಮಹಾಮಸ್ತಿಷ್ಕ. ನೋಡುವುದು, ಕೇಳುವುದು, ನೆನೆಯುವುದು, ನುಡಿಯುವುದು, ಬಯಸಿ ಕೈಯೆತ್ತುವುದು ಎಲ್ಲ ಇದರ ಅಧೀನ. ಬಲ ಅರ್ಧ ದೇಹದ ಎಡಭಾಗವನ್ನೂ ಎಡ ಅರ್ಧ ಬಲಭಾಗವನ್ನೂ ಆಳುತ್ತದೆ. ಆದುದರಿಂದಲೇ ಮಿದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡರೆ ಬಲಗೈ ಬಲಗಾಲು ಬೀಳುತ್ತವೆ, ಅನೇಕ ವೇಳೆ ಮಾತೂ ನಿಲ್ಲುತ್ತದೆ. ಇದನ್ನು ಜನ ‘ಲಕ್ವ ಹೊಡೆಯಿತು’ ಎನ್ನುತ್ತಾರೆ. ಕೆಟ್ಟಿರುವುದು ಕೈಯಲ್ಲ, ತಲೆಯೊಳಗಿನ ರಕ್ತನಾಳ. ಕೈಗೆ ಎಣ್ಣೆ ತಿಕ್ಕುತ್ತ ಕುಳಿತರೆ ಹೆಪ್ಪು ಕರಗಿಸುವ ಮದ್ದು ಕೊಡಬಹುದಾದ ನಾಲ್ಕೂವರೆ ಗಂಟೆಗಳ ಅವಧಿ ಕಳೆದುಹೋಗುತ್ತದೆ.

ಮಹಾಮಸ್ತಿಷ್ಕದ ಹಿಂದೆ, ಕೆಳಗೆ ಅನುಮಸ್ತಿಷ್ಕವಿದೆ. ಕೈಮಗ್ಗದ ಮುಂದೆ ಕುಳಿತ ನೇಕಾರನನ್ನು ನೋಡಿದರೆ ಇದರ ಕೆಲಸ ತಿಳಿಯುತ್ತದೆ. ಅವನ ಕಾಲು ಹಲಗೆಯನ್ನು ಒತ್ತುತ್ತದೆ, ಒಂದು ಕೈ ಲಾಳಿಯನ್ನು ಎಸೆಯುತ್ತದೆ, ಇನ್ನೊಂದು ಕೈ ಹೊಕ್ಕಿನ ನೂಲನ್ನು ಬಡಿದು ಕೂಡಿಸುತ್ತದೆ, ಬಾಯಿ ಪಕ್ಕದವನೊಡನೆ ಮಾತಾಡುತ್ತಿರುತ್ತದೆ. ಕಲಿಯುವಾಗ ಒಂದೊಂದು ಚಲನೆಗೂ ಗಮನ ಕೊಡಬೇಕಾಗಿದ್ದವನು ಈಗ ಅದನ್ನು ಮರೆತೇ ಮಾಡುತ್ತಾನೆ. ಆ ಲಯವನ್ನು ಕಾಯುವುದು ಅನುಮಸ್ತಿಷ್ಕ. ಇನ್ನೂ ಕೆಳಗೆ, ಮಿದುಳು ಬಳ್ಳಿಯಾಗಿ ಇಳಿಯುವೆಡೆಯಲ್ಲಿ ಮೆಡುಲ್ಲ ಎಂಬ ಸಣ್ಣ ಗಡ್ಡೆಯಿದೆ. ಉಸಿರಾಟದ ಅಪ್ಪಣೆ ಹಗಲೂ ರಾತ್ರಿ ಹೊರಡುವುದು ಇಲ್ಲಿಂದ. ಇವಲ್ಲದೆ ಹೃದಯದ ಬಡಿತ, ಜೀರ್ಣ, ಬೆವರುಗಳನ್ನು ಮನಸ್ಸಿಗೆ ತಿಳಿಯದಂತೆ ನಡೆಸುವ ಸ್ವಾಯತ್ತ ನರವ್ಯೂಹ ಬೇರೊಂದಿದೆ. ಮುಳ್ಳು ತುಳಿದ ಹುಡುಗನ ಅಂಗೈ ಬೆವರಿದ್ದು ಇದರ ದೆಸೆಯಿಂದ.

ಒಂದು ಕೋಶ ಇನ್ನೊಂದರ ಬಳಿಗೆ ಬಂದು ನಿಂತಿದೆ, ಬೆಸೆದಿಲ್ಲ ಎಂದನಲ್ಲವೆ ಕಹಾಲ್? ಹಾಗಾದರೆ ನಡುವಣ ಸಂದನ್ನು ಸುದ್ದಿ ದಾಟುವುದೆಂತು? ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿದ್ದ ಆಟೊ ಲೋವಿ ಎಂಬ ವಿಜ್ಞಾನಿಗೆ ಇದರ ಉತ್ತರ ಕನಸಿನಲ್ಲಿ ಹೊಳೆಯಿತಂತೆ. ನಡುರಾತ್ರಿಯಲ್ಲಿ ಎದ್ದು ಚೀಟಿಯೊಂದರಲ್ಲಿ ಗೀಚಿ ಮಲಗಿದನು. ಬೆಳಗ್ಗೆ ತನ್ನ ಬರಹವನ್ನು ತಾನೇ ಓದಲಾರದೆ ಹೋದನು! ಮರುರಾತ್ರಿ ಅದೇ ಕನಸು ಬಂದಾಗ ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದನು. ಮಿಡಿಯುತ್ತಿದ್ದ ಕಪ್ಪೆಯ ಹೃದಯವೊಂದರ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯವನ್ನು ತೊಯ್ಯಿಸಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದನು. ನರದ ಸೋಂಕೇ ಇಲ್ಲದ ಅದೂ ನಿಧಾನವಾಯಿತು. ನರದ ತುದಿಯಿಂದ ಯಾವುದೋ ರಾಸಾಯನಿಕ ಒಸರಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ರಾಸಾಯನಿಕ ಅಸಿಟೈಲ್‌ಕೋಲಿನ್ ಎಂದು ಮುಂದೆ ತಿಳಿದುಬಂದಿತು. ಎರಡು ಕೋಶಗಳು ಸಂಧಿಸುವ ಈ ಎಡೆಗೆ ಸಿನಾಪ್ಸ್ ಅಥವಾ ನರಸಂಧಿಯೆಂದು ಹೆಸರು. ನರ ಮತ್ತು ಸ್ನಾಯು ಸಂಧಿಸುವಲ್ಲಿಯೂ ಇದೇ ಏರ್ಪಾಡು: ನರದ ತುದಿ ಅಸಿಟೈಲ್‌ಕೋಲಿನನ್ನು ಸುರಿಸುತ್ತದೆ, ಸ್ನಾಯುವಿನ ಮೇಲಿನ ಗ್ರಾಹಕಗಳು ಅದನ್ನು ಹಿಡಿಯುತ್ತವೆ, ಸ್ನಾಯು ಸಂಕುಚಿಸುತ್ತದೆ.

ಈ ಕಿರಿದಾದ ಸಂದು ಎಷ್ಟು ಮುಖ್ಯವೆಂಬುದನ್ನು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಕಟ್ಟುಹಾವು ಬಲ್ಲದು. ಘಾಟಿ ಸುಬ್ರಹ್ಮಣ್ಯದ ನಾಗರಕಲ್ಲುಗಳಿಗೆ ಹಾಲೆರೆಯುವ ಈ ಸೀಮೆಯಲ್ಲಿ ನಾಗರಹಾವನ್ನು ಅರಿಯದವರಿಲ್ಲ. ಕಟ್ಟುಹಾವಾದರೋ ಹೆಡೆಯಿಲ್ಲದ, ಕಪ್ಪು ಮೈಯ ಮೇಲೆ ಬಿಳಿಯ ಗೀರುಗಳಿರುವ ಇರುಳಿನ ಜೀವಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುವುದುಂಟು. ಕಚ್ಚಿದ ಗುರುತು ಸೊಳ್ಳೆ ಕಡಿದಷ್ಟೇ; ನೋವೂ ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ರೆಪ್ಪೆಗಳು ಜೋತುಬೀಳುತ್ತವೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ಮೂಗಿನಲ್ಲಿ ಬರುತ್ತದೆ, ಎಂಜಲು ನುಂಗಲಾಗುವುದಿಲ್ಲ. ಈ ಹಾವಿನ ವಿಷ ಸ್ನಾಯುಗಳಿಗೆ ಸುದ್ದಿ ತಲಪಿಸುವ ನರದ ತುದಿಗಳನ್ನೇ ಹಾಳುಮಾಡುತ್ತದೆ. ನಾಗರಹಾವಿನ ವಿಷ ಎದುರು ದಡದಲ್ಲಿ, ಅಂದರೆ ಸ್ನಾಯುವಿನ ಗ್ರಾಹಕಗಳ ಮೇಲೆ ಕುಳಿತು ಬಾಗಿಲು ಮುಚ್ಚುತ್ತದೆ. ಎರಡರ ಫಲವೂ ಒಂದೇ. ಉಸಿರೆಳೆದುಕೋ ಎಂದು ಮೆಡುಲ್ಲ ಅಪ್ಪಣೆ ಮಾಡುತ್ತಲೇ ಇರುತ್ತದೆ. ಅಪ್ಪಣೆ ನರದ ಕೊನೆಯವರೆಗೂ ಓಡಿಬರುತ್ತದೆ. ಕಡೆಯ ಸಂದನ್ನು ದಾಟಲಾರದು. ಎದೆಯ ಸ್ನಾಯುಗಳು, ವಪೆ ಸುಮ್ಮನಾಗುತ್ತವೆ.

ಇಲ್ಲಿ ಬಂಧುಗಳು ತಿಳಿದಿರಲೇಬೇಕಾದ ಒಂದು ಸಂಗತಿಯಿದೆ. ರೋಗಿಗೆ ಕಣ್ಣು ಬಿಡಲಾಗದು, ಕೈಯೆತ್ತಲಾಗದು, ಉತ್ತರಿಸಲಾಗದು. ಆದರೆ ಉಸಿರು ಸಾಕಷ್ಟು ಸಿಕ್ಕುತ್ತಿರುವಷ್ಟು ಕಾಲ ಅವನ ಮಿದುಳು ಎಚ್ಚರವಾಗಿಯೇ ಇರಬಹುದು, ಸುತ್ತಲಿನವರ ಅಳು ಅವನಿಗೆ ಕೇಳಿಸುತ್ತಿರಬಹುದು. ಹೃದಯ ತನ್ನ ಪಾಡಿಗೆ ತಾನು ಮಿಡಿಯುತ್ತಿರುತ್ತದೆ, ಏಕೆಂದರೆ ಅದು ಮಿಡಿಯಲು ನರದ ಅಪ್ಪಣೆಯನ್ನು ಕಾಯುವುದಿಲ್ಲ. ಪ್ರಾಣ ಹೋಯಿತೆಂದು ಕೈಬಿಟ್ಟವರಲ್ಲಿ ಬದುಕಿಸಬಹುದಾಗಿದ್ದವರು ಎಷ್ಟು ಮಂದಿಯೋ! ಕೃತಕವಾಗಿ ಉಸಿರು ಕೊಡುವ ಯಂತ್ರಕ್ಕೆ ಜೋಡಿಸಿ, ಪ್ರತಿವಿಷವನ್ನು ಬೇಗ ಕೊಟ್ಟರೆ ಇಂಥವರು ಎದ್ದು ಕೂರುತ್ತಾರೆ. ಕಟ್ಟುಹಾವಿನ ವಿಷದಿಂದ ಆಗಲೇ ನಾಶವಾದ ನರತುದಿಗಳನ್ನು ಪ್ರತಿವಿಷ ಮರಳಿ ತರಲಾರದು. ಅವು ಮತ್ತೆ ಚಿಗುರಲು ದಿನಗಳೇ ಬೇಕು, ಅಲ್ಲಿಯವರೆಗೆ ಯಂತ್ರವೇ ಉಸಿರು. ಬೇಗನೆ ಆಸ್ಪತ್ರೆ ಸೇರಬೇಕೆನ್ನುವುದರ ಕಾರಣ ಇದು. ಗಾಯವನ್ನು ಕೊಯ್ಯುವುದು, ಬಾಯಿಂದ ಹೀರುವುದು, ಹಗ್ಗದಿಂದ ಬಿಗಿಯುವುದು ಇವುಗಳಿಂದ ನರಸಂಧಿಯ ಬಾಗಿಲು ತೆರೆಯದು. ತೈವಾನಿನ ಇಂಥದೇ ಒಂದು ಕಟ್ಟುಹಾವಿನ ವಿಷದಿಂದ ಅಲ್ಲಿಯ ವಿಜ್ಞಾನಿಗಳು 1963ರಲ್ಲಿ ಬೇರ್ಪಡಿಸಿದ ಅಂಶವೊಂದನ್ನು ಬಳಸಿಯೇ ಸ್ನಾಯುವಿನ ಗ್ರಾಹಕವನ್ನು ಮುಂದೆ ಗುರುತಿಸಿ ಹೊರತೆಗೆದರು. ಕೊಲ್ಲುವ ವಿಷವೇ ಅರಿವಿನ ಕೈದೀವಿಗೆಯೂ ಆಯಿತು.

ಹಾವಿನ ವಿಷ ನರದ ತುದಿಯಲ್ಲಿ ನಿಂತರೆ, ಹುಚ್ಚುನಾಯಿಯ ರೋಗದ ವೈರಸ್ ನರದೊಳಗೇ ಪಯಣ ಮಾಡುತ್ತದೆ. ನಾಯಿ ಕಚ್ಚಿದಾಗ ಜೊಲ್ಲಿನೊಡನೆ ಮಾಂಸಖಂಡವನ್ನು ಹೊಕ್ಕ ರೇಬೀಸ್ ವೈರಸ್, ಅಲ್ಲಿಂದ ನರದ ತುದಿಯನ್ನು ಸೇರಿ, ಆಕ್ಸಾನಿನ ಒಳಗಿನ ಸಾಗಾಟದ ದಾರಿಯಲ್ಲಿಯೇ ಮೇಲಕ್ಕೆ ಹೊರಡುತ್ತದೆ. ಮುಳ್ಳಿನ ಸುದ್ದಿ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿದ ಹಾದಿಯನ್ನೇ ಇದು ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ತೆವಳುತ್ತದೆ. ಈ ನಿಧಾನವೇ ಮನುಷ್ಯನಿಗೆ ದೊರೆತ ಅವಕಾಶ. ಬಹುಮಂದಿಯಲ್ಲಿ ರೋಗ ಕಾಣಿಸಿಕೊಳ್ಳುವುದು ಒಂದರಿಂದ ಮೂರು ತಿಂಗಳ ಮೇಲೆ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ಅಪಾಯ ಬೇಗ ಬರುವುದು ಮಿದುಳಿಗೆ ದೂರ ಕಡಿಮೆಯೆಂಬ ಕಾರಣದಿಂದ. ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದರೆ ನರವನ್ನು ಹೊಗುವ ಮೊದಲೇ ಬಹುಪಾಲು ವೈರಸ್ಸನ್ನು ತೊಡೆದಂತಾಗುತ್ತದೆ. ಅನಂತರ ಕ್ರಮವಾಗಿ ಲಸಿಕೆ ಪಡೆದರೆ, ಗಾಯ ಆಳವಾಗಿದ್ದಲ್ಲಿ ಅದರೊಳಕ್ಕೆ ಸಿದ್ಧ ಪ್ರತಿಕಾಯಗಳನ್ನೂ ಹಾಕಿಸಿಕೊಂಡರೆ, ವೈರಸ್ ಮಿದುಳನ್ನು ಮುಟ್ಟುವುದರೊಳಗೆ ದೇಹ ಸಜ್ಜಾಗಿರುತ್ತದೆ. ಮಿದುಳನ್ನು ಮುಟ್ಟಿ, ನೀರನ್ನು ಕಂಡರೆ ಗಂಟಲು ಹಿಂಡುವ ಲಕ್ಷಣ ತೋರಿದ ಮೇಲೆ ಬದುಕಿದವರು ಬಲು ವಿರಳ.

ಹಿರಿಯರು ಹೊಕ್ಕುಳ ಸುತ್ತ ಹಾಕಿಸಿಕೊಳ್ಳುತ್ತಿದ್ದ ಹದಿನಾಲ್ಕು ಚುಚ್ಚುಮದ್ದುಗಳ ಭಯದ ಕಥೆ ಹೇಳುತ್ತಾರೆ. ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ ತಯಾರಿಸುತ್ತಿದ್ದ ಆ ಲಸಿಕೆ ಕೆಲವೊಮ್ಮೆ ಪಡೆದವನ ನರಗಳನ್ನೇ ಕೆಡಿಸುತ್ತಿದ್ದುದೂ ನಿಜ. ಈ ಶತಮಾನದ ಮೊದಲ ವರ್ಷಗಳಲ್ಲಿ ಭಾರತ ಅದನ್ನು ಕೈಬಿಟ್ಟಿತು. ಈಗ ಕೊಡುವುದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ಅದೂ ತೋಳಿಗೆ, ನಾಲ್ಕೈದು ಸಲ ಮಾತ್ರ. ಭಯ ಮಾತ್ರ ಇನ್ನೂ ಉಳಿದುಕೊಂಡಿದೆ; ಮಕ್ಕಳು ನಾಯಿ ಕಚ್ಚಿದ್ದನ್ನು ಮನೆಯಲ್ಲಿ ಮುಚ್ಚಿಡುವುದು ಅದರಿಂದಲೇ.

ಮುಚ್ಚಿಡುವ ಇನ್ನೊಂದು ಕಾಯಿಲೆ ಮೂರ್ಛೆರೋಗ. ಸಂತೆಯಲ್ಲಿ ನೂರು ಜನ ನೂರು ಮಾತಾಡುತ್ತಿದ್ದರೂ ವ್ಯಾಪಾರ ನಡೆಯುತ್ತದೆ. ಎಲ್ಲರೂ ಒಂದೇ ಸಲಕ್ಕೆ ಒಂದೇ ಕೂಗು ಕೂಗತೊಡಗಿದರೆ ವ್ಯಾಪಾರ ನಿಲ್ಲುತ್ತದೆ. ಮಿದುಳಿನ ಕೋಶಗಳು ತಮ್ಮ ತಮ್ಮ ಸರದಿ ಬಿಟ್ಟು ಒಟ್ಟಿಗೆ ಕೂಗುವುದೇ ಈ ರೋಗದ ಸೆಳವು. ಸೆಳವು ಬಂದವರ ಕೈಗೆ ಕಬ್ಬಿಣದ ಬೀಗದಕೈ ಕೊಡುವ ಪದ್ಧತಿ ಹಳ್ಳಿಯಲ್ಲೂ ಇದೆ, ನಗರದಲ್ಲೂ ಇದೆ. ಸೆಳವು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದಕೈ ತರುವಷ್ಟರಲ್ಲಿ ನಿಂತು ಕೀರ್ತಿ ಕಬ್ಬಿಣಕ್ಕೆ ಸಲ್ಲುತ್ತದೆ. ಮಾಡಬೇಕಾದುದು ಸರಳ: ರೋಗಿಯನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, ಕಲ್ಲು ಒಲೆಗಳಿಂದ ದೂರವಿಡುವುದು, ಬಾಯೊಳಗೆ ಏನನ್ನೂ ತುರುಕದಿರುವುದು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯುವುದು. ಬೆಂಗಳೂರಿನ ನಗರ ಮತ್ತು ಗ್ರಾಮ ಪ್ರದೇಶಗಳ 1,02,557 ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಎಂ. ಗೌರಿದೇವಿ ಮತ್ತು ಅವರ ಸಂಗಡಿಗರು ನಡೆಸಿದ ಈ ಕಾರ್ಯದಲ್ಲಿ 3,206 ಮಂದಿಗೆ ನರಸಂಬಂಧವಾದ ಕಾಯಿಲೆಗಳಿದ್ದುದು ಕಂಡುಬಂದಿತು. ಹಳ್ಳಿಗಳಲ್ಲಿ ಇವುಗಳ ಪ್ರಮಾಣ ನಗರದ ಸುಮಾರು ಎರಡರಷ್ಟಿತ್ತು. ಹೆಚ್ಚಾಗಿ ಕಂಡ ಕಾಯಿಲೆಗಳಲ್ಲಿ ತಲೆನೋವಿನೊಡನೆ ಮೂರ್ಛೆರೋಗವೂ ಸೇರಿತ್ತು. ಗುಳಿಗೆಗಳನ್ನು ಬಿಡದೆ ನುಂಗಿದರೆ ಹತ್ತರಲ್ಲಿ ಏಳು ಮಂದಿ ಸೆಳವಿಲ್ಲದೆ ಬಾಳಬಲ್ಲರು. ಹೀಗಿದ್ದೂ ಹೆಣ್ಣುಮಕ್ಕಳ ಈ ಕಾಯಿಲೆಯನ್ನು ಮದುವೆಯ ಅಂಜಿಕೆಯಿಂದ ಬಚ್ಚಿಟ್ಟು ಮದ್ದು ತಪ್ಪಿಸುವುದುಂಟು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆಂದು ಸೇರಿಸಿದ್ದ ಮಾತನ್ನು 1999ರಲ್ಲಿಯೇ ತೆಗೆದುಹಾಕಿದೆ. ಮನೆಗಳಿಗೆ ಆ ಸುದ್ದಿ ಇನ್ನೂ ಪೂರ್ತಿ ತಲಪಿಲ್ಲ.

ನಿಮ್ಹಾನ್ಸ್ ಎಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಚ್ಚರ ಆಸ್ಪತ್ರೆಯೆಂದು ಮೊದಲಾದದ್ದು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿ ಬೆಳೆದು, 1954ರಲ್ಲಿ ಅದರೊಡನೆ ಹುಟ್ಟಿದ ಅಖಿಲ ಭಾರತ ಸಂಸ್ಥೆಯೊಂದಿಗೆ 1974ರಲ್ಲಿ ಕೂಡಿ ಈ ಹೆಸರು ಪಡೆಯಿತು. ಇಲ್ಲಿನ ಮಿದುಳು ಸಂಗ್ರಹಾಲಯದಲ್ಲಿ ಗಾಜಿನ ಜಾಡಿಗಳ ಸಾಲುಗಳಿವೆ. ತಮ್ಮವರನ್ನು ಕಳೆದುಕೊಂಡ ಗಳಿಗೆಯಲ್ಲಿಯೂ ಬಂಧುಗಳು ಒಪ್ಪಿ ಕೊಟ್ಟ ಮಿದುಳುಗಳು ಅವು. ತಲೆಗೆ ಬಿದ್ದ ಪೆಟ್ಟಿನಿಂದ ರಕ್ತ ಕಟ್ಟಿದವು, ಹುಳುವಿನ ಮರಿಗಳು ಸೇರಿ ಗುಳ್ಳೆಯೆದ್ದವು, ಮುಪ್ಪಿನ ಮರೆವಿನಿಂದ ಸೊರಗಿದವು ಎಲ್ಲವನ್ನೂ ಅಲ್ಲಿ ನೋಡಬಹುದು. ಬದುಕಿರುವ ಮಿದುಳು ಗಿಣ್ಣಿನಷ್ಟು ಮೃದು. ಔಷಧದ್ರವದಲ್ಲಿ ನೆನೆದುದು ಗಟ್ಟಿಯಾಗಿರುತ್ತದೆ. ಸಂದರ್ಶಕರು ಕೈಗವಸು ತೊಟ್ಟು ಅದನ್ನು ಮುಟ್ಟಿ ನೋಡುವ ಅವಕಾಶವನ್ನೂ ಅಲ್ಲಿ ಕಲ್ಪಿಸಿದ್ದುಂಟು.

ಮಿದುಳುಬಳ್ಳಿಯ ಕೆಳತುದಿ ಸೊಂಟದವರೆಗೆ ಬರುವುದಿಲ್ಲ; ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ನರಗಳ ಬೇರುಗಳು ಮಾತ್ರ ಬಿಡಿಬಿಡಿಯಾಗಿ, ಬೆಳ್ಳಗೆ, ಗೊಂಚಲಾಗಿ ಇಳಿಬಿದ್ದಿರುತ್ತವೆ. ಹಿಂದಿನ ಅಂಗರಚನಾಶಾಸ್ತ್ರಜ್ಞರು ಇದಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಕುದುರೆಯ ಬಾಲ’ ಎಂದು ಹೆಸರಿಟ್ಟರು. ಹುಣಿಸೆಯ ಮರದಿಂದ ಬಿದ್ದು ಬೆನ್ನು ನೊಂದವರನ್ನು ಭುಜ ಮತ್ತು ಕಾಲು ಹಿಡಿದು ಬಾಗಿಸಿ ಎತ್ತದೆ, ಅಗಲವಾದ ಹಲಗೆಯ ಮೇಲೆ ನೆಟ್ಟಗೆ ಮಲಗಿಸಿ ಸಾಗಿಸಬೇಕೆಂದು ವೈದ್ಯರು ಹೇಳುವುದು ಈ ಬಳ್ಳಿ ಮತ್ತು ಬೇರುಗಳ ಸಲುವಾಗಿ. ಬೆರಳಿನ ನರ ತುಂಡಾದರೆ ದಿನಕ್ಕೆ ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಹುದು, ಕಡಿದುಹೋದ ಬಳ್ಳಿ ಮಾತ್ರ ಕೂಡಿಕೊಳ್ಳುವುದಿಲ್ಲ. ಆ ಕುದುರೆಬಾಲದ ಕೆಳಗಿನ ಒಂದೆರಡು ಎಳೆಗಳೇ ತೊಡೆಯ ಹಿಂಬದಿಯ ದಪ್ಪ ನರವನ್ನು ಕೂಡಿ, ಮೀನಖಂಡವನ್ನು ದಾಟಿ, ಹಿಮ್ಮಡಿಯ ಪಕ್ಕದಿಂದ ಅಂಗಾಲಿಗೆ ಇಳಿದು, ಜಾಲಿಯ ಮುಳ್ಳು ಚುಚ್ಚಿದ ಜಾಗವನ್ನು ಮುಟ್ಟುತ್ತವೆ.